ಮಂಗಳ ಆಗದ ಭಜನೆ

ಅವರಿವರು ಹೇಳಿದ್ದನ್ನು ಕೇಳಿಕೊಂಡು ಹೇಳುವ ಮಾತಲ್ಲ ಇದು. ಬಸವಕುಮಾರ ನನ್ನ ಸೋದರತ್ತೆಯ ಮಗ. ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಸಿಸಿ ಕ್ಯಾಮೆರಾ ಕೂಡಿಸುವುದು ಅವನ ಉದ್ಯೋಗ. ದೇವರಿಗೆ ಕೈ ಮುಗಿಯುತ್ತಾನೆ, ದೆವ್ವ ಅಂದರೆ ನಗುತ್ತಾನೆ... ನಗುತ್ತಿದ್ದ ಅನ್ನಿ. ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳುವಂಥದ್ದಲ್ಲ.

ಅವತ್ತು ಕಡೆಯ ಬಸ್ಸು ಅವನನ್ನು ಕ್ರಾಸಿನಲ್ಲಿ ಇಳಿಸಿ ಕನಕಗಿರಿ ಕಡೆ ಹೋಯಿತು. ಅಲ್ಲಿಂದ ಊರಿಗೆ ನಡೆದೇ ಹೋಗಬೇಕು. ದಾರಿಗೆ ಒಂದು ಹಾಳುಬಾವಿ ಸಿಗುತ್ತದೆ. ಗದ್ದೆಯಲ್ಲಿ ಕಪ್ಪೆಗಳು ಒಂದೇ ಸಮನೆ ವಟಗುಡುತ್ತಿದ್ದವು. ಬಸವಕುಮಾರ ಬಾವಿಯ ಹತ್ತಿರ ಬಂದ. ಕಪ್ಪೆಗಳು ಒಮ್ಮೆಗೇ ಸುಮ್ಮನಾದವು.

ಆಗ ಕೇಳಿಸಿತು.

ಫುಸ್ಸ್... ಫುಸ್ಸ್...

ಹಾವಲ್ಲ. ಗಾಳಿಯೂ ಅಲ್ಲ. ಹಾರ್ಮೋನಿಯಂನ ತಿದಿ. ಮುಂದೆ ಸುರದ ಮನೆ ಒಂದನ್ನೂ ಒತ್ತದೆ, ಹಿಂದಿನ ಗಾಳಿ ಹಲಗೆಯನ್ನಷ್ಟೇ ಎಳೆದು ಬಿಟ್ಟು ಎಳೆದು ಬಿಟ್ಟು ಮಾಡಿದರೆ ಬರುತ್ತದಲ್ಲ, ಆ ಸದ್ದು. ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ ಸದ್ದು, ಅವನಿಗೆ ಗುರುತು ಸಿಗದೆ ಇರುತ್ತದೆಯೇ? ಆದರೆ ಆ ಹಾರ್ಮೋನಿಯಂ ಒಂದು ವರ್ಷದಿಂದ ಅಟ್ಟದ ಮೇಲಿತ್ತು, ಹಳೇ ಧೋತರದಲ್ಲಿ ಸುತ್ತಿ ಇಟ್ಟಿದ್ದರು.

ಅವನಿಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಅದೇ ಅವನ ತೊಂದರೆಯಾಗಿತ್ತು ನೋಡಿ. ಅಣ್ಣ ಕಳಕಪ್ಪ ಸತ್ತಾಗಿನಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಹಸಿವಾಯಿತೆಂದು ಉಣ್ಣುತ್ತಿರಲಿಲ್ಲ, ಹೊತ್ತಾಯಿತೆಂದು ಉಣ್ಣುತ್ತಿದ್ದ. ಕೈಗೆ ಕರೆಂಟು ಹೊಡೆದರೂ "ಹೊಡೀತು" ಎಂದು ಬಾಯಲ್ಲಿ ಹೇಳುತ್ತಿದ್ದ ಅಷ್ಟೇ.

ಮನೆಗೆ ಬಂದ. ಪಡಸಾಲೆಯಲ್ಲಿ ದೀಪ ಇಲ್ಲ. ಗೋಡೆಯ ಮೇಲಿನ ಸ್ಪೀಕರಿನ ನೀಲಿ ಚುಕ್ಕಿ ಮಾತ್ರ ಮಿಣುಗುತ್ತಿತ್ತು. ಅದರ ಕೆಳಗೆ ಗೋಡೆಗೆ ಬೆನ್ನು ಹಚ್ಚಿ ಅತ್ತಿಗೆ ಶಿವಬಸಮ್ಮ ಕೂತಿದ್ದಳು.

"ವೈನಿ... ಇನ್ನಾ ಮಲಗಿಲ್ಲೇನ್ರಿ?"

"ಸಣ್ಣಗ ಮಾತಾಡು ತಮ್ಮಾ. ಕುಂದ್ರು... ಇನ್ನಾ ಮಂಗಳ ಆಗಿಲ್ಲ."

ಸ್ಪೀಕರಿನಿಂದ ಬರುತ್ತಿತ್ತು. ಫುಸ್ಸ್... ಫುಸ್ಸ್...

ಇಷ್ಟು ಹೇಳಿ ಮುಂದೆ ಹೋದರೆ ನಿಮಗೆ ತಿಳಿಯುವುದಿಲ್ಲ. ಕಳಕಪ್ಪನ ವಿಷಯ ಹೇಳಬೇಕು.

ಕಳಕಪ್ಪ ಬಸವಕುಮಾರನ ಅಣ್ಣ, ಶಿವಬಸಮ್ಮನ ಗಂಡ. ಊರ ಮಠದ ಅಮಾವಾಸ್ಯೆ ಭಜನೆಗೆ ಅವನೇ ಮುಂದಾಳು, ಹಾರ್ಮೋನಿಯಂ ಅವನದು. ಅದರ ತಿದಿಯ ಕೊಂಡಿ ಎಂದೋ ಮುರಿದಿತ್ತು. ಹೊಸದು ಹಾಕಿಸು ಎಂದರೆ ಕೇಳಲಿಲ್ಲ, ಹೆಂಡತಿಯ ಲಂಗದ ಕೆಂಪು ಲಾಡಿಯೊಂದನ್ನು ತಂದು ಬಿಗಿದ. ಭಜನೆ ಶುರುವಾಗುವಾಗ ಲಾಡಿ ಬಿಚ್ಚಿ ಮುಂಗೈಗೆ ಸುತ್ತಿಕೊಳ್ಳುವುದು, ಮಂಗಳ ಹಾಡಿದ ಮೇಲೆ ಬಿಚ್ಚಿ ಮತ್ತೆ ಪೆಟ್ಟಿಗೆಗೆ ಕಟ್ಟುವುದು. ಅವನು ಎಡಚ. ಆ ಎಡಗೈ ಗಂಟು ಬೇರೆ ಯಾರಿಗೂ ಬರುತ್ತಿರಲಿಲ್ಲ, ಬಿಚ್ಚಲಿಕ್ಕೂ ಬರುತ್ತಿರಲಿಲ್ಲ. "ಕಳಕಪ್ಪ, ಲಾಡಿ ಮನ್ಯಾಗ ಕೇಳಿ ತಂದೀಯೋ, ಕದ್ದು ತಂದೀಯೋ?" ಎಂದು ಮೇಳದವರು ಕಾಡಿಸುತ್ತಿದ್ದರು. ಅವನು ನಗುತ್ತ ಲಾಡಿ ಬಿಗಿಯುತ್ತಿದ್ದ.

ಆ ಮೇಳದಲ್ಲಿ ಒಂದು ಕಟ್ಟು ಇತ್ತು. ಕೂತ ಮೇಲೆ ಮಂಗಳ ಆಗುವ ತನಕ ಯಾರೂ ಏಳಬಾರದು, ಏನೂ ತಿನ್ನಬಾರದು. ಎದ್ದವನು ಎದ್ದಂತೆಯೇ. ಅವತ್ತಿನ ಮಂಗಳಕ್ಕೆ ಅವನು ಬಾಯಿ ಕೂಡಿಸುವಂತಿಲ್ಲ.

ಹೋದ ವರ್ಷದ ಅಮಾವಾಸ್ಯೆಯೊಂದರಲ್ಲಿ ಕಡೆಯ ಪದ ಮುಗಿಯಿತು. ಇನ್ನು ಮಂಗಳ. ಕಳಕಪ್ಪ ಗಂಟಲು ಸರಿಮಾಡಿಕೊಂಡ. ಸುರ ಹಿಡಿಯುವ ಮುಂಚೆ ತಿದಿ ಎಳೆಯುತ್ತ ಕೂತ. ಫುಸ್ಸ್... ಫುಸ್ಸ್... ಹಾಗೇ ಪೆಟ್ಟಿಗೆಯ ಮೇಲೆ ಬಾಗಿದ. ಮತ್ತೆ ಏಳಲಿಲ್ಲ. ಎದೆ ನಿಂತಿತ್ತು.

ಮೇಳವೆಲ್ಲ ಎದ್ದು ಓಡಾಡಿತು. ಟಂಟಂ ಗಾಡಿ ತಂದರು, ಎತ್ತಿ ಹಾಕಿಕೊಂಡು ಗಂಗಾವತಿಗೆ ಓಡಿದರು. ಬಸವಕುಮಾರ ಮಾತ್ರ ಮೂಲೆಯಲ್ಲಿ ಕೂತೇ ಇದ್ದ. ಕೈಯಲ್ಲಿ ಮೊಬೈಲು, ಭಜನೆ ರೆಕಾರ್ಡ್ ಆಗುತ್ತಿತ್ತು. ಏಳಬೇಕು ಅಂದುಕೊಂಡ, ಕಾಲು ಕೇಳಲಿಲ್ಲ. ಮಠ ಖಾಲಿಯಾಗಿ, ಎಲ್ಲೋ ನಾಯಿ ಬೊಗಳಿ, ಮೊಬೈಲಿನ ಬ್ಯಾಟರಿ ಸಾಯುವ ತನಕ ಕೂತಿದ್ದ. ಆಮೇಲೆ ಯಾರೋ ಬಂದು ರಟ್ಟೆ ಹಿಡಿದು ಎಬ್ಬಿಸಿದರು.

ಶಿವಬಸಮ್ಮ ಅವತ್ತು ತವರಿನಲ್ಲಿದ್ದಳು, ಕುಷ್ಟಗಿ ಕಡೆ. ಬೆಳಗಾಗುವಷ್ಟರಲ್ಲಿ ಬಂದಳು. ಹೆಣದ ಮುಂದೆ ಕೂತು ಒಂದೇ ಮಾತು ಕೇಳಿದಳು.

"ಮಂಗಳ ಆಗಿತ್ತೇನು?"

ಬಸವಕುಮಾರ ಹೇಳಿದ, "ಆಗಿತ್ರಿ ವೈನಿ. ಮಂಗಳ ಮುಗಿಸೇ ಹೋಗ್ಯಾನ."

ಅವಳು ತಲೆಯಾಡಿಸಿದಳು. ಅಷ್ಟೇ. ಸಮಾಧಿಯಲ್ಲಿ ಕಳಕಪ್ಪನನ್ನು ಕೂಡಿಸಿದಾಗ ಮುಂಗೈಯ ಮೇಲೆ ಕೆಂಪು ಲಾಡಿ ಹಾಗೇ ಸುತ್ತಿಕೊಂಡಿತ್ತು. ಬಸವಕುಮಾರ ನೋಡಿದ. ತೆಗೆಯಲಿಲ್ಲ. ಮೇಲೆ ವಿಭೂತಿ ಬಿತ್ತು, ಮಣ್ಣು ಬಿತ್ತು.

ವರ್ಷ ಕಳೆದ ಮೇಲೆ ಶಿವಬಸಮ್ಮ ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿದಳು, "ತಮ್ಮಾ, ನಿಮ್ಮಣ್ಣನ ಹಾಡೆಲ್ಲಾ ಟ್ರಂಕಿನ್ಯಾಗ ಕುಂತಾವ. ಅಡಗಿ ಮನ್ಯಾಗ ಕೇಳುವಂಗ ಮಾಡಾಕ ಬರ್ತೈತೇನು?"

ಅದು ಅವನಿಗೆ ದೊಡ್ಡ ಕೆಲಸವಲ್ಲ. ಹಳೇ ಟೇಪ್ ರೆಕಾರ್ಡರಿಗೆ ವೈರು ಹಚ್ಚಿ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ. ಮೆಮೊರಿ ಕಾರ್ಡುಗಳನ್ನು ಹುಡುಕಿ ತೆಗೆದ. ನೆಟ್‌ವರ್ಕ್ ಸ್ಟೋರೇಜ್ ಎಂಬ, ಹಾಡೆಲ್ಲ ಕೂಡಿಡುವ ಡಬ್ಬಿಯೊಂದನ್ನು ತಂದು, ಎರಡು ಹಾರ್ಡ್ ಡಿಸ್ಕ್ ಹಾಕಿ, ಎರಡರಲ್ಲೂ ಒಂದೇ ಸರಕು ತುಂಬಿದ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಪಡಸಾಲೆಯ ಗೂಡಿನಲ್ಲಿ ವೈಫೈ ಪಕ್ಕ ಅದನ್ನು ಇಟ್ಟ. ಪಡಸಾಲೆಗೊಂದು ಸ್ಪೀಕರು, ಅಡುಗೆ ಮನೆಗೊಂದು. ಮೊಬೈಲಿನಲ್ಲಿ ಒತ್ತಿದರೆ ಸಾಕು, ಬೇಕಾದ ಅಮಾವಾಸ್ಯೆಯ ಭಜನೆ ಬೇಕಾದ ಕಡೆ ಹಾಡುತ್ತದೆ. ಅಣ್ಣನ ದನಿಯನ್ನು ಇಷ್ಟೆಲ್ಲ ಕತ್ತರಿಸಿ ಜೋಡಿಸಿದರೂ ಅವನಿಗೆ ಏನೂ ಅನ್ನಿಸಲಿಲ್ಲ. ಗಿರಣಿಯ ಕ್ಯಾಮೆರಾದ ಕೆಲಸ ಮಾಡಿದಂತೆ ಮಾಡಿದ.

ಕಡೆಯ ಅಮಾವಾಸ್ಯೆಯದು ಬಂದಾಗ ಮಾತ್ರ ಕೈ ನಿಂತಿತು. ಅದರಲ್ಲಿ ಎಲ್ಲ ಇತ್ತಲ್ಲ... ಬಿದ್ದ ಸದ್ದು, ಕೂಗಾಟ, ಖಾಲಿ ಮಠ. ವೈನಿ ಇದನ್ನು ಕೇಳಬಾರದು. ತಾನು ಹೇಳಿದ ಸುಳ್ಳೂ ಬಯಲಾಗಬಾರದು. ಪದ ಮುಗಿದ ಕೂಡಲೇ ಕತ್ತರಿಸಿದ. ತಿದಿಯ ಸದ್ದಿನಿಂದ ಹಿಡಿದು ಮುಂದಿನದೆಲ್ಲ ಅಳಿಸಿದ. ಮೊಬೈಲಿನಲ್ಲಿದ್ದದ್ದನ್ನೂ ಅಳಿಸಿದ. ಹಿಂದಿನ ಯಾವುದೋ ಅಮಾವಾಸ್ಯೆಯ ಮಂಗಳ ತಂದು ಇದರ ಬಾಲಕ್ಕೆ ಅಂಟಿಸಿದ. ಜೋಡಣೆ ಎಲ್ಲಿದೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ, ಅಷ್ಟು ಚೊಕ್ಕ ಕೆಲಸ.

ಶಿವಬಸಮ್ಮ ಮೊದಲ ದಿನವೇ ಅದನ್ನು ಹಚ್ಚಿದಳು. ಬಾವಿಯ ಹತ್ತಿರ ಅವನಿಗೆ ಕೇಳಿಸಿದ್ದು ಅವತ್ತೇ. ಬಾವಿಗೂ ಮನೆಗೂ ಎಷ್ಟು ದೂರ ಗೊತ್ತೇ? ಮನೆಯಲ್ಲಿ ಡೊಳ್ಳು ಬಾರಿಸಿದರೂ ಅಲ್ಲಿಗೆ ಕೇಳುವುದಿಲ್ಲ.

ಪಡಸಾಲೆಯಲ್ಲಿ ನಿಂತೇ ಅವನು ಮೊಬೈಲು ನೋಡಿದ. ಪರದೆಯಲ್ಲಿ ಏನೂ ಓಡುತ್ತಿಲ್ಲ. ಕಂಪ್ಯೂಟರಿನಲ್ಲಿ ಅದೇ ಕಡತ ತೆಗೆದ. ಪದ, ಆಮೇಲೆ ಮಂಗಳ, ಎಲ್ಲ ಸರಿಯಾಗಿತ್ತು. ಸ್ಪೀಕರಿನಲ್ಲಿ ಮಾತ್ರ ಅಳಿಸಿದ ಸದ್ದು. ಅದೂ ಮುಂದಕ್ಕೆ ಹೋಗುತ್ತಿಲ್ಲ. ಬೀಳುವ ಸದ್ದಿಲ್ಲ, ಕೂಗಿಲ್ಲ. ತಿದಿ ಎಳೆಯುತ್ತ... ಎಳೆಯುತ್ತ... ಕಾಯುತ್ತಿತ್ತು. ನಡುವೆ ಒಮ್ಮೆ ಗಂಟಲು ಸರಿಮಾಡಿಕೊಂಡಂತೆ. ತಾಳದ ಜೋಡಿ ಒಂದಕ್ಕೊಂದು ತಾಗಿ, ಕಿಣ್... ತಕ್ಷಣ ಯಾರೋ ಅಂಗೈಯಲ್ಲಿ ಮುಚ್ಚಿದಂತೆ.

ಡಬ್ಬಿಯ ವೈರು ಕಿತ್ತ. ಡಿಸ್ಕುಗಳು ತಿರುಗುವುದು ನಿಂತಿತು. ವೈಫೈ ಆರಿಸಿದ, ಸ್ಪೀಕರು ಕಿತ್ತ. ನೀಲಿ ಚುಕ್ಕಿ ಹೋಯಿತು.

ಫುಸ್ಸ್... ಫುಸ್ಸ್...

"ಯಾಕ ಕೀಳ್ತಿ ತಮ್ಮಾ?" ಶಿವಬಸಮ್ಮ ಪಿಸುಗುಟ್ಟಿದಳು. "ಡಬ್ಬಿ ಏನ್ ಮಾಡ್ತೈತಿ? ಅವರು ಕುಂತಾರ."

ಬೆಳ್ಳಿ ಮೂಡಿದ ಮೇಲೆ ನಿಂತಿತು. ಮರುದಿನ ರಾತ್ರಿ ಮತ್ತೆ. ಅದರ ಮರುದಿನ ಮತ್ತೆ. ಅವಳು ದಿನಾ ಅಲ್ಲೇ ಕೂರುತ್ತಿದ್ದಳು. ಉಣ್ಣು ಎಂದರೆ, "ಮಂಗಳ ಆಗಲಿ". ಮಲಗು ಎಂದರೆ, "ಮಂಗಳ ಆಗಲಿ". ಹಗಲಲ್ಲಿ ಒಂದಿಷ್ಟು ಗಂಜಿ ಕುಡಿಯುತ್ತಿದ್ದಳು, ಅದೂ ನಿಲ್ಲುತ್ತ ಬಂತು. ಬಸವಕುಮಾರನ ಹೆಂಡತಿ ಲಲಿತಾ ಬಾಣಂತನಕ್ಕೆ ಕೊಪ್ಪಳಕ್ಕೆ ಹೋಗಿದ್ದಳು, ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲ. ಶಿವಬಸಮ್ಮನ ಕುಪ್ಪಸದ ತೋಳು ಸಡಿಲವಾಗಿ ಜೋತುಬೀಳತೊಡಗಿತು. ಹೀಗೇ ಬಿಟ್ಟರೆ ವೈನಿಯೂ ಸತ್ತವರ ಸಾಲಿನಲ್ಲಿ ಹೋಗಿ ಕೂರುತ್ತಾಳೆ ಎಂದು ಅವನಿಗೆ ಗೊತ್ತಾಯಿತು. ಗೊತ್ತಾಯಿತು ಅಷ್ಟೇ, ಎದೆಯೊಳಗೆ ಮಾತ್ರ ಏನೂ ಅಲುಗಲಿಲ್ಲ. ತನ್ನ ಬಗ್ಗೆ ತನಗೇ ಅಸಹ್ಯ ಎನ್ನುತ್ತಾರಲ್ಲ, ಅದೂ ಆಗಲಿಲ್ಲ.

ದಮ್ಮಡಿ ಬಾರಿಸುವ ಹೇಮಪ್ಪ ಮೇಳದಲ್ಲಿ ಹಿರಿಯ. ಬಸವಕುಮಾರ ಅವನನ್ನು ಬಾವಿಯ ಹತ್ತಿರ ಹಿಡಿದ. ಮಬ್ಬುಗತ್ತಲಾಗಿತ್ತು.

"ಕಾಕಾ, ನೀವು ಒಂದೀಟು ಬಂದು ಮಂಗಳ ಹಾಡ್ರಿ."

ಹೇಮಪ್ಪ ಬಾವಿಯ ಕಡೆ ನೋಡಲಿಲ್ಲ. "ನಮಗೂ ಕೇಳ್ತೈತಿ," ಅಂದ. "ಮೇಳದಾಗ ಎಲ್ಲಾರಿಗೂ ಕೇಳ್ತೈತಿ. ಆದ್ರ ನಾವು ಹಾಡಂಗಿಲ್ಲ. ಅವತ್ತ ನಾವೆಲ್ಲಾ ಎದ್ದು ಓಡೇವಿ."

"ಮತ್ತ ಯಾರು ಹಾಡಬೇಕ್ರಿ?"

"ಅವತ್ತ ಏಳದಾವ."

"ನನಗ ಹಾಡಾಕ ಬರಂಗಿಲ್ಲಲ್ಲ ಕಾಕಾ. ಮತ್ತ ನಾನೂ ಆಮ್ಯಾಲೆ ಎದ್ದೆನಲ್ಲ."

ಹೇಮಪ್ಪ ಅವನ ಕಡೆ ತಿರುಗಿದ.

"ಎದ್ದೀಯೇನು ಬಸ್ಯಾ?"

ಅಷ್ಟು ಕೇಳಿ ಹೊರಟುಹೋದ.

ಅವತ್ತು ರಾತ್ರಿ ಬಸವಕುಮಾರ ಡಬ್ಬಿ ಹಚ್ಚಲಿಲ್ಲ. ಪಡಸಾಲೆಗೆ ಬಂದು ಅತ್ತಿಗೆಯ ಎದುರು ಚಕ್ಕಳ ಮಕ್ಕಳ ಹಾಕಿ ಕೂತ. ಕತ್ತಲೆಯಲ್ಲಿ ತಿದಿ ಶುರುವಾಯಿತು. ಇಬ್ಬರ ನಡುವಿನಿಂದಲೇ ಬರುತ್ತಿತ್ತು.

"ವೈನಿ... ಅವತ್ತ ಮಂಗಳ ಆಗಿದ್ದಿಲ್ಲರಿ. ನಾ ಸುಳ್ಳ ಹೇಳಿದೆ."

"ಗೊತ್ತೈತಿ."

"ಯಾರ್ ಹೇಳಿದ್ರು?"

"ಯಾರ್ ಯಾಕ ಹೇಳಬೇಕಪಾ. ಹೆಣದ ಕೈಯಾಗ ನನ್ನ ಲಾಡಿ ಹಂಗ ಇತ್ತಲ್ಲ. ಮಂಗಳ ಆಗಿದ್ರ ಪೇಟಿಗೆ ಕಟ್ಟತಿದ್ರು. ನೀ ಹಾಡು. ಅವರಿಗೂ ಸಾಕಾಗೈತಿ, ನನಗೂ ಸಾಕಾಗೈತಿ."

ಅವನು ಬಾಯಿ ತೆರೆದ. ಮೊದಲು ಬರೀ ಉಸಿರು ಬಂತು. ಆಮೇಲೆ ದನಿ, ಒಡಕು ದನಿ, ಯಾವ ಸುರಕ್ಕೂ ನಿಲ್ಲದ್ದು. ಮೊದಲ ಸಾಲು ಮುಗಿಯುವಷ್ಟರಲ್ಲಿ ತಿದಿಯ ಸದ್ದು ಬದಲಾಯಿತು. ಫುಸ್ಸ್ ಎನ್ನುವುದು ಹೋಗಿ, ಕೆಳಗಿನಿಂದ ಒಂದು ಸುರ ಎದ್ದಿತು. ಒಂದೇ ಮನೆ ಒತ್ತಿ ಹಿಡಿದ ಸುರ. ಅಣ್ಣ ಚಿಕ್ಕಂದಿನಲ್ಲಿ ಅವನಿಗೆ ಹಾಡು ಕಲಿಸಲು ನೋಡುವಾಗ ಹೀಗೇ ಹಿಡಿಯುತ್ತಿದ್ದ, ದನಿ ತಪ್ಪಿದರೆ ಬಂದು ಕೂಡಿಕೊಳ್ಳಲಿ ಎಂದು. ಬಸವಕುಮಾರ ತಪ್ಪಿದ, ಕೂಡಿಕೊಂಡ, ಮತ್ತೆ ತಪ್ಪಿದ. ಸುರ ಅವನನ್ನು ಬಿಡಲಿಲ್ಲ. ಕಡೆಯ ನುಡಿಗೆ ಸುತ್ತಲೂ ತಾಳ ಬಿದ್ದವು. ಕಿಣ್, ಕಿಣ್, ಕಿಣ್...

ಹಾಡು ಮುಗಿಯಿತು. ಸುರ ಸಣ್ಣಗಾಗುತ್ತ ಹೋಗಿ ನಿಂತಿತು.

ಗದ್ದೆಯ ಕಡೆಯಿಂದ ಕಪ್ಪೆಗಳ ದನಿ ಕೇಳಿಸಿತು.

"ಏಳ್ರಿ," ಅಂದಳು ಶಿವಬಸಮ್ಮ. ಮೈದುನನಿಗೆ ಅವಳು ಎಂದೂ ಬಹುವಚನ ಹಚ್ಚಿದವಳಲ್ಲ. ಮೊಣಕಾಲ ಮೇಲೆ ಕೈಯೂರಿ ತಾನೂ ಎದ್ದಳು. ಅಡುಗೆ ಮನೆಗೆ ಹೋಗಿ ತಣ್ಣನೆಯ ರೊಟ್ಟಿಯನ್ನು ಮುರಿದು ನಿಂತಲ್ಲೇ ತಿಂದಳು.

ಬಸವಕುಮಾರ ಏಳಲು ಹೋದರೆ ಕಾಲು ಬರಲಿಲ್ಲ. ಸೊಂಟದಿಂದ ಕೆಳಗೆ ಜೋಮು ಹಿಡಿದಿತ್ತು. ಅರ್ಧ ಗಳಿಗೆ ಕೂತದ್ದಕ್ಕೆ ಹಿಡಿಯುವ ಜೋಮಲ್ಲ ಅದು. ಗೋಡೆ ಹಿಡಿದು ನಿಂತ. ಜೋಮು ಬಿಡುವಾಗ ಸೂಜಿ ಚುಚ್ಚಿದಂತೆ ಆಗುತ್ತದಲ್ಲ, ಹಾಗೆ ನೋವು ಮೇಲಕ್ಕೆ ಏರಿತು. ಕಾಲು, ತೊಡೆ, ಹೊಟ್ಟೆ... ಎದೆಗೆ ಬಂದಾಗ ಅವನು "ಅಣ್ಣಾ" ಅಂದ. ಒಂದೇ ಸಲ. ವರ್ಷದಲ್ಲಿ ಅವನಿಗೆ ಆದದ್ದು ಅದೊಂದೇ ನೋವು.

ಬೆಳಿಗ್ಗೆ ಅಟ್ಟ ಹತ್ತಿ ಹಾರ್ಮೋನಿಯಂ ಇಳಿಸಿದ. ಧೋತರದ ಮೇಲೆ ವರ್ಷದ ದೂಳು, ಕೈಯಾಡಿಸಿದ ಗುರುತಿಲ್ಲ. ಬಿಚ್ಚಿದ. ತಿದಿಗೆ ಕೆಂಪು ಲಾಡಿ ಬಿಗಿದಿತ್ತು. ಎಡಗೈ ಗಂಟು. ಲಾಡಿಯ ತುದಿಗೆ ಹಸಿ ಮಣ್ಣು ಮೆತ್ತಿತ್ತು, ನಡುವೆ ಒಂದಿಷ್ಟು ವಿಭೂತಿ.

ಶಿವಬಸಮ್ಮ ಬಂದು ನೋಡಿದಳು. ಸೆರಗಿನಿಂದ ಪೆಟ್ಟಿಗೆಯ ಮೇಲ್ಭಾಗ ಒರೆಸಿದಳು. ಗಂಟು ಮುಟ್ಟಲಿಲ್ಲ.

ನೀವು ನಂಬಿ ಎಂದು ನಾನು ಹೇಳುತ್ತಿಲ್ಲ. ಡಬ್ಬಿ ಈಗಲೂ ಅವರ ಪಡಸಾಲೆಯಲ್ಲಿ ಹಾಡುತ್ತದೆ, ಹಾಡು ಮುಗಿದರೆ ಸುಮ್ಮನಾಗುತ್ತದೆ. ಹಾರ್ಮೋನಿಯಂ ಅದರ ಕೆಳಗಿದೆ. ಹೋದ ವಾರ ನಾನೇ ಹೋಗಿದ್ದೆ, ಈ ಕಣ್ಣಿಂದ ನೋಡಿ ಬಂದೆ. ಮನೆಯಲ್ಲಿ ಅಷ್ಟು ಸೆಕೆ, ಫ್ಯಾನು ತಿರುಗುತ್ತಲೇ ಇರುತ್ತದೆ. ಲಾಡಿಯ ತುದಿಯ ಮಣ್ಣು ಇನ್ನೂ ಒಣಗಿಲ್ಲ.