ನೂರಾ ಇಪ್ಪತ್ತೇಳನೆಯ ಹಲ್ಲು

ಈ ಸಭೆಯ ಅಧ್ಯಕ್ಷರೂ ಅಕ್ಕಿಆಲೂರಿನ ಅಕ್ಕಿ ಗಿರಣಿಯ ಮಾಲೀಕರೂ ಆದ ಕರಬಸಪ್ಪನವರೇ, ಹಾನಗಲ್ಲಿನ ಈ ಐಟಿಐಗೆ ನನ್ನನ್ನು ಕರೆಸಿದ ಪ್ರಾಚಾರ್ಯರೇ, ಹೆಸರು ಬಿಟ್ಟರೆ ಸಿಟ್ಟಾಗುವ ಉಳಿದ ಗಣ್ಯರೇ, ಟರ್ನರ್ ವಿಭಾಗದ ಮಕ್ಕಳೇ, ಮೊದಲೇ ಬಂದು ಫ್ಯಾನಿನ ಕೆಳಗೆ ಜಾಗ ಹಿಡಿದ ಜಾಣ ಸಭಿಕರೇ, ಎಲ್ಲರಿಗೂ ಸವಣೂರಿನ ಕುಲಸುಮಬಿಯ ಸಲಾಮು, ಶರಣು.

ನಾನು ಏನು ಮಾತನಾಡಬೇಕೆಂದು ಪ್ರಾಚಾರ್ಯರು ಒಂದು ಹಾಳೆ ಬರೆದುಕೊಟ್ಟಿದ್ದಾರೆ. ಅದರ ಮೊದಲ ಸಾಲಿನಲ್ಲೇ ನಾನು ಮಹಿಳಾ ಕುಲಕ್ಕೆ ಕಳಶಪ್ರಾಯ ಎಂದಿದೆ. ಅದನ್ನು ನಾನೇ ಓದಿದರೆ ಎರಡನೇ ಸಾಲಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಭಾಷಣ ಕೇಳುತ್ತಿರುವ ನಮ್ಮ ಯಜಮಾನರು ಅಲ್ಲಾಬಕ್ಷ ಅವರು ಎದ್ದು ನಕ್ಕಾರು. ಅವರ ನಿದ್ದೆ ಯಾಕೆ ಕೆಡಿಸಲಿ? ಹಾಳೆ ಚೀಲದಲ್ಲಿಯೇ ಇರಲಿ.

ಮೊದಲು ಒಂದು ಕೆಲಸ. ಅಧ್ಯಕ್ಷರೇ, ಈ ಸ್ಕ್ರೂ ಹಿಡಿಯಿರಿ. ಒಂದೂವರೆ ಅಡಿ ಉದ್ದ, ಭಾರ ಇದೆ, ತೊಡೆಯ ಮೇಲೆ ಇಟ್ಟುಕೊಳ್ಳಿ. ಇದು ನಟ್ಟು. ಸ್ಪ್ಯಾನರ್ ಬೇಡ, ಪೈಪ್ ಬೇಡ, ಬರೀ ಬೆರಳಿನಿಂದ ತಿರುಗಿಸುತ್ತಾ ಇರಿ. ಆ ತುದಿಯಿಂದ ಈ ತುದಿಗೆ ಎಪ್ಪತ್ತೈದು ಸುತ್ತು ಆಗುತ್ತದೆ. ಅಷ್ಟರಲ್ಲಿ ನನ್ನ ಮಾತೂ ಮುಗಿಯುತ್ತದೆ. ವೇದಿಕೆಯ ಮೇಲೆ ಕುಳಿತವರು ಮೊಬೈಲ್ ನೋಡುವುದಕ್ಕಿಂತ ಇದು ಒಳ್ಳೆಯದು.

ಮಕ್ಕಳೇ, ಕಬ್ಬಿಣವನ್ನು ತಿರುಗಿಸಿ ಕಡೆಯುವ ಈ ಲೇತಿನ ಭಾಗಗಳು ನಿಮ್ಮ ಪುಸ್ತಕದಲ್ಲಿ ಇವೆ. ನಾನು ಏಳನೇ ತರಗತಿ ಓದಿದವಳು, ನನ್ನ ರೀತಿಯಲ್ಲಿ ಹೇಳುತ್ತೇನೆ. ಎಡಗಡೆ ಹೆಡ್‌ಸ್ಟಾಕ್. ಸದ್ದೆಲ್ಲ ಅಲ್ಲಿಂದಲೇ, ಈ ವೇದಿಕೆ ಇದ್ದ ಹಾಗೆ. ಬಲಗಡೆ ಟೇಲ್‌ಸ್ಟಾಕ್. ಎಳೆದಲ್ಲಿಗೆ ಬರುತ್ತದೆ, ಬಿಗಿದಲ್ಲಿ ನಿಲ್ಲುತ್ತದೆ. ನಮ್ಮ ಯಜಮಾನರ ಹಾಗೆ. ಚಕ್ ಎಂಬುದು ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗಿಸುತ್ತದೆ. ಕ್ಯಾರೇಜ್ ಮೇಲೆ ಟೂಲ್ ಕುಳಿತು ಓಡಾಡುತ್ತದೆ. ಇವೆಲ್ಲದರ ಕೆಳಗೆ ಬೆಡ್. ಎಲ್ಲರ ಭಾರ ಹೊತ್ತು, ಎಲ್ಲರ ಚೂರು ಮೈಮೇಲೆ ಬೀಳಿಸಿಕೊಂಡು ಸುಮ್ಮನೆ ಮಲಗಿರುತ್ತದೆ. ಅದು ಡೊಂಕಾದರೆ ಮಾತ್ರ ಎಲ್ಲರಿಗೂ ನೆನಪಾಗುತ್ತದೆ. ಅದು ಯಾರ ಹಾಗೆ ಎಂದು ಇಲ್ಲಿರುವ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕೇ?

ಇನ್ನು ಗೇರು. ಸ್ಕ್ರೂವಿನ ಸುರುಳಿ ಗೆರೆ, ಅಂದರೆ ಥ್ರೆಡ್, ಕತ್ತರಿಸುವಾಗ ಚಕ್ ಒಂದು ಸುತ್ತು ತಿರುಗಿದರೆ ಟೂಲ್ ಎಷ್ಟು ಮುಂದೆ ಹೋಗಬೇಕು? ಅದನ್ನು ಗೇರಿನ ಹಲ್ಲುಗಳು ಗೊತ್ತುಮಾಡುತ್ತವೆ. ನಮ್ಮ ಹಳೇ ಲೇತಿನಲ್ಲಿ ಟೂಲನ್ನು ಎಳೆಯುವ ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದು. ಈಗಿನ ಯಂತ್ರಗಳದ್ದು ಎಲ್ಲಾ ಮಿಲಿಮೀಟರ್ ಥ್ರೆಡ್. ಇಂಚಿನ ಲೇತಿನಲ್ಲಿ ಆರು ಮಿಲಿಮೀಟರಿನ ಥ್ರೆಡ್ ಬೇಕಾದರೆ ಓಡಿಸುವ ಗೇರಿಗೆ ನೂರಾ ಇಪ್ಪತ್ತು ಹಲ್ಲು, ಓಡುವ ಗೇರಿಗೆ ನೂರಾ ಇಪ್ಪತ್ತೇಳು ಹಲ್ಲು. ಇಪ್ಪತ್ತಾರಲ್ಲ, ಇಪ್ಪತ್ತೆಂಟಲ್ಲ. ಎರಡರ ನಡುವೆ ಕೂರುವ ಐಡ್ಲರ್ ಗೇರಿಗೆ ಎಷ್ಟು ಹಲ್ಲಿದ್ದರೂ ನಡೆಯುತ್ತದೆ. ಅದು ತಿರುಗುತ್ತದೆ, ಸದ್ದು ಮಾಡುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಇವತ್ತು ವೇದಿಕೆಯ ಮೇಲೆ ಅಂಥವರು ಎಷ್ಟು ಜನ ಎಂದು ನಾನು ಎಣಿಸುವುದಿಲ್ಲ. ನಾನು ಎಣಿಸಿದರೆ ಏನಾಗುತ್ತದೆ ಎಂಬುದೇ ಇವತ್ತಿನ ವಿಷಯ.

ಹದಿನಾಲ್ಕು ವರ್ಷದ ಹಿಂದೆ ನಮ್ಮ ಲೇತ್ ಅಂಗಡಿ ನಡೆಸುತ್ತಿದ್ದ ಯಜಮಾನರ ಬೆನ್ನು ಕೈಕೊಟ್ಟಿತು. ಅವರು ಸ್ಟೂಲಿನ ಮೇಲೆ ಕುಳಿತು ಬಯ್ಯುತ್ತಿದ್ದರು, ನಾನು ಹ್ಯಾಂಡಲ್ ತಿರುಗಿಸುತ್ತಿದ್ದೆ. ಹೀಗೆ ಕಲಿತೆ. ಯಾವ ಥ್ರೆಡ್ಡಿಗೆ ಯಾವ ಗೇರು ಎಂದು ಗೋಡೆಯ ಮೇಲೆ ಪಟ್ಟಿ ಬರೆದಿತ್ತು, ಅದನ್ನು ನೋಡಿ ಹಾಕುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಸೊಸೆ ದಿಲ್ಶಾದ ಬಂದಳು. ಪಿಯುಸಿ ಓದಿದವಳು. ಒಂದು ತಿಂಗಳಿಗೆ ಪಟ್ಟಿಯಲ್ಲಿ ಇಲ್ಲದ ಥ್ರೆಡ್ಡಿಗೂ ಭಾಗಾಕಾರ ಮಾಡಿ ಗೇರು ಹೊಂದಿಸಿದಳು. ನನಗೆ ಬಹಳ ಸಂತೋಷವಾಯಿತು. ಬಂದವರಿಗೆಲ್ಲ ಹಾಗೆಯೇ ಹೇಳುತ್ತಿದ್ದೆ. ಪಟ್ಟಿಯನ್ನು ಮಾತ್ರ ಗೋಡೆಯಿಂದ ಅಳಿಸಲು ಬಿಡಲಿಲ್ಲ.

ಹೋದ ವರ್ಷ ಸುಗ್ಗಿಯಲ್ಲಿ ಅಧ್ಯಕ್ಷರ ಗಿರಣಿಯಿಂದ ಒಂದು ಸ್ಕ್ರೂ ಬಂತು. ಹಳೆಯದು ಸವೆದಿತ್ತು, ಅಂಥದೇ ಆರು ಮಿಲಿಮೀಟರ್ ಥ್ರೆಡ್ಡಿನ ಹೊಸದು ಬೇಕು. ನಮ್ಮ ನೂರಾ ಇಪ್ಪತ್ತೇಳರ ಗೇರು ಆಗಲೇ ಹಲ್ಲು ಮುರಿದುಕೊಂಡಿತ್ತು. ಹುಬ್ಬಳ್ಳಿಯ ಗುಜರಿಯಿಂದ ಎರಡು ಹಳೇ ಗೇರು ತಂದಿದ್ದೆವು, ಅವುಗಳ ಮೇಲಿನ ಅಂಕಿ ಸವೆದು ಹೋಗಿತ್ತು. ಒಂದನ್ನು ಎತ್ತಿಕೊಂಡು, ನಾನು ಎಣಿಸುತ್ತೇನೆ ಎಂದು ಕುಳಿತೆ. ಕೈಯಲ್ಲಿ ತಸ್ಬೀ ಇತ್ತು. ನಿಮ್ಮ ಜಪಮಾಲೆ ಇದ್ದ ಹಾಗೆ: ತೊಂಬತ್ತೊಂಬತ್ತು ಮಣಿ, ಕೊನೆಗೆ ಇಮಾಮ್ ಎಂಬ ಉದ್ದ ಮಣಿ. ಜಪದಲ್ಲಿ ಆ ಮಣಿಯನ್ನು ಎಣಿಸುವುದಿಲ್ಲ. ಹಲ್ಲಿಗೊಂದು ಮಣಿ ಜರುಗಿಸಿದೆ. ಒಂದು ಸುತ್ತು ಮುಗಿಯಿತು, ನೂರು ಎಂದೆ. ಮೇಲೆ ಇಪ್ಪತ್ತೇಳು ಬಂತು.

ದಿಲ್ಶಾದ ಕೇಳಿದಳು, "ಅಮ್ಮಾ, ಇನ್ನೊಮ್ಮೆ ಎಣಿಸ್ಲೇನ್ರಿ?"

"ತಸ್ಬೀ ಹಿಡದ ಕೈ ಐತಿ ಇದು. ನಿನ್ನ ಕಾಲೇಜಿನ ಕೈ ಅಲ್ಲ" ಎಂದೆ.

ಲೆಕ್ಕ ಅವಳದು, ಕಟಿಂಗ್ ಅವಳದು, ಎರಡೂ ಸರಿ. ಸ್ಕ್ರೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾವಿಬ್ಬರೂ ಗಿರಣಿಗೆ ಹೋಗಿ ಹಾಕಿದರೆ ನಟ್ಟು ಐದು ಸುತ್ತು ಮದುವಣಗಿತ್ತಿಯ ಹಾಗೆ ಒಳಗೆ ಬಂತು, ಆರನೆಯದಕ್ಕೆ ನಿಂತಿತು. ಗಿರಣಿಯವರು ಪೈಪ್ ಹಾಕಿ ಒತ್ತಿದರು. ನಟ್ಟು ಸೀಳಿತು. ಸುಗ್ಗಿಯ ನಡುವೆ ನಾಲ್ಕು ದಿನ ಗಿರಣಿ ನಿಂತಿತು. ಅಧ್ಯಕ್ಷರೇ, ಆಗ ಹಮಾಲರು, ರೈತರು ಎಲ್ಲರ ಮುಂದೆ ನೀವು ಏನೆಂದಿರಿ, ನೆನಪಿದೆಯೇ?

"ರೊಟ್ಟಿ ಬಡಿಯೋ ಹುಡುಗಿ ಕೈಯಾಗ ಥ್ರೆಡ್ ಕೊಟ್ರ ಮತ್ತೇನಾಕ್ಕೈತಿ?"

ದಿಲ್ಶಾದ ಲೆಕ್ಕದ ಹಾಳೆ ತೆಗೆದು, "ಲೆಕ್ಕ ಸರಿ ಐತ್ರಿ, ಸಾವಕಾರ್ರ" ಎಂದಳು.

"ಲೆಕ್ಕದ ಹಾಳಿ ಭತ್ತ ಕುಟ್ಟತೈತೇನು?" ಎಂದಿರಿ. ಎಲ್ಲರೂ ನಕ್ಕರು. ನಾನು ಅಲ್ಲೇ ನಿಂತಿದ್ದೆ.

ತಿರುಗಿಸುವುದು ನಿಲ್ಲಿಸಬೇಡಿ, ಅರ್ಧ ಆಗಿದೆ.

ಆ ಮಾತು ಶಿಗ್ಗಾಂವಿಗೆ ಹೋಯಿತು, ಹಿರೇಕೆರೂರಿಗೆ ಹೋಯಿತು. ಬಂದ ಗಿರಾಕಿಗಳೆಲ್ಲ, "ಅಮ್ಮಾರ, ಥ್ರೆಡ್ ನೀವ ಹಾಕ್ರಿ, ಸೊಸಿ ಕೈಗೆ ಕೊಡಬ್ಯಾಡ್ರಿ" ಎನ್ನತೊಡಗಿದರು. ಅವಳಿಗೆ ಉಳಿದದ್ದು ಚೂರು ಗುಡಿಸುವುದು, ಬುಷ್ಷಿಗೆ ತೂತು ಕೊರೆಯುವುದು. ನನಗೆ ಹೇಗಾಯಿತು? ದೇವರ ಮುಂದೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನನಗೆ ಹಿತವಾಯಿತು.

ರಮಜಾನಿನಲ್ಲಿ ಒಂದು ದಿನ ಬೆಳಗಿನ ನಮಾಜಾದ ಮೇಲೆ ತಸ್ಬೀ ಮಾಡುತ್ತಿದ್ದೆ. ಬೆರಳು ಇಮಾಮಿನ ಹತ್ತಿರ ಬಂತು, ಎಣಿಸದೆ ದಾಟಿತು. ಅಲ್ಲಿಯೇ ಕೈ ನಿಲ್ಲಿಸಿ ಅವತ್ತಿನ ಹಲ್ಲಿನ ಎಣಿಕೆಯನ್ನು ಮತ್ತೆ ಕೂಡಿಸಿದೆ. ಮೂವತ್ತು ವರ್ಷದ ರೂಢಿ, ಕೈ ಯಾವಾಗಲೂ ತೊಂಬತ್ತೊಂಬತ್ತಕ್ಕೇ ಸುತ್ತು ಮುಗಿಸುತ್ತದೆ. ನೂರು ಎಂದದ್ದು ನನ್ನ ಬಾಯಿ. ಯಾಕೆಂದರೆ ನನಗೆ ಬೇಕಾಗಿದ್ದದ್ದು ನೂರಾ ಇಪ್ಪತ್ತೇಳು.

ಅಂಗಡಿಗೆ ಹೋದೆ. ಅದೇ ಗೇರು ಇಳಿಸಿ, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿದೆ. ನೂರಾ ಇಪ್ಪತ್ತಾರು. ಮಗುಚಿ ಹಾಕಿದರೆ ಅದರ ಹಿಂಭಾಗದಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿತ್ತು: ನೂರಾ ಇಪ್ಪತ್ತಾರು. ದಿಲ್ಶಾದಳ ಅಕ್ಷರ. ಪಕ್ಕದಲ್ಲಿ ತಾರೀಖು. ಗಿರಣಿಯಲ್ಲಿ ನಕ್ಕ ಮರುದಿನದ್ದು.

ಅವಳಿಗೆ ಗೊತ್ತಿತ್ತು. ನನಗೂ ಗೊತ್ತಾಯಿತು. ಇಬ್ಬರೂ ಒಂದೇ ತಟ್ಟೆಯಲ್ಲಿ ಇಫ್ತಾರ್ ಮಾಡಿದೆವು, ಇಬ್ಬರೂ ಬಾಯಿ ಬಿಡಲಿಲ್ಲ. ರೋಜಾ ಹಿಡಿದವಳು ನಾನು, ಐದು ಹೊತ್ತು ನಮಾಜು ಬಿಡದವಳು ನಾನು. ಹಸಿವು ತಡೆಯುವುದು ಸುಲಭ, ಮಕ್ಕಳೇ. ಆಮೇಲೆ ಪ್ರಾಚಾರ್ಯರ ಪತ್ರ ಬಂತು: ಥ್ರೆಡ್ ಕೆಲಸದಲ್ಲಿ ನಾಲ್ಕು ತಾಲ್ಲೂಕಿಗೆ ಹೆಸರಾದ ಕುಲಸುಮಬಿಯವರಿಗೆ ಸನ್ಮಾನ. ಈ ಸೀರೆಗೆ ಇಸ್ತ್ರಿ ಮಾಡಿಕೊಟ್ಟವಳು ಅವಳೇ.

ಇವತ್ತು ಬೆಳಿಗ್ಗೆ ಹಾನಗಲ್ ಬಸ್ಸಿನಲ್ಲಿ ಕೇಳಿದೆ, "ಅವತ್ತ ಯಾಕ ಹೇಳಲಿಲ್ಲವ್ವಾ?"

ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು, "ನಿಮ್ಮ ತಸ್ಬೀ ಮ್ಯಾಲ ತಪ್ಪು ಹಾಕ್ಲೇನ್ರಿ ಅಮ್ಮಾ?"

ತಸ್ಬೀಯದು ಏನೂ ತಪ್ಪಿಲ್ಲ, ಸಭಿಕರೇ. ಅದು ಸರಿಯಾಗಿಯೇ ಎಣಿಸಿತು. ತಪ್ಪು ನನ್ನದು. ಗೇರು ಎಣಿಸಿದ್ದು ನಾನು, ಕೂಡಿಸುವಾಗ ತಪ್ಪಿದ್ದು ನಾನು, ಮತ್ತೆ ಎಣಿಸುತ್ತೇನೆ ಎಂದವಳ ಬಾಯಿ ಮುಚ್ಚಿಸಿದ್ದು ನಾನು. ಗಿರಣಿ ನಿಂತದ್ದು ನನ್ನಿಂದ. ಮೈಕು ಸರಿ ಇದೆಯೇ? ಕೊನೆಯ ಸಾಲಿಗೂ ಕೇಳಿಸಿತೇ? ಇಲ್ಲದಿದ್ದರೆ ಇನ್ನೊಮ್ಮೆ ಹೇಳುತ್ತೇನೆ. ಹಿರೇಕೆರೂರಿನಿಂದ ಬಂದವರು ಊರಿಗೆ ಹೋಗಿ ಇದನ್ನೂ ಹೇಳಿರಿ. ಹೋದ ಸಲದ ಮಾತನ್ನು ಅಷ್ಟು ಬೇಗ ಮುಟ್ಟಿಸಿದ್ದೀರಿ.

ಅಧ್ಯಕ್ಷರೇ, ನಟ್ಟು ಎಲ್ಲಿಗೆ ಬಂತು? ಎತ್ತಿ ತೋರಿಸಿ. ನೋಡಿ, ತುದಿ ಮುಟ್ಟಿದೆ. ಎಲ್ಲಿಯೂ ಹಿಡಿಯಲಿಲ್ಲವಲ್ಲ? ಆ ನಟ್ಟು ನಿಮ್ಮ ಗಿರಣಿಯದೇ, ಸೀಳಿದ್ದರ ಬದಲಿಗೆ ತಂದದ್ದು. ನಿಮ್ಮ ಫಿಟ್ಟರ್‌ನಿಂದ ನಿನ್ನೆ ಕೇಳಿ ತಂದೆ, ಅವನನ್ನು ಬಯ್ಯಬೇಡಿ. ಸ್ಕ್ರೂ ಕತ್ತರಿಸಿದ್ದು ನಾನು ಎಂದುಕೊಂಡು ಇಷ್ಟು ಹೊತ್ತು ತಲೆದೂಗುತ್ತಾ ತಿರುಗಿಸಿದಿರಿ. ಅದನ್ನು ಮಾಡಿದವಳು ದಿಲ್ಶಾದ. ಗುಜರಿಯ ಇನ್ನೊಂದು ಗೇರೇ ನೂರಾ ಇಪ್ಪತ್ತೇಳರದು. ಅವಳೇ ಎಣಿಸಿದಳು, ನಾನು ದೂರ ಕುಳಿತಿದ್ದೆ.

ನನ್ನ ನಂತರ ಅಧ್ಯಕ್ಷರ ಭಾಷಣ. ಅದರಲ್ಲಿ ಏನು ಹೇಳಬೇಕೆಂದು ನಾನು ಬರೆದುಕೊಡುವುದಿಲ್ಲ. ಅವರಿಗೆ ಹಾಳೆಯ ಮೇಲೆ ನಂಬಿಕೆ ಕಡಿಮೆ.

ಸನ್ಮಾನಕ್ಕೆ ಹೊದಿಸಿದ ಈ ಶಾಲು ನನ್ನದಲ್ಲ. ಕೊನೆಯ ಸಾಲಿನಲ್ಲಿ, ಕಂಬದ ಪಕ್ಕ, ತಲೆ ಬಗ್ಗಿಸಿ ಕುಳಿತಿದ್ದಾಳಲ್ಲ, ಅವಳದು. ಕರೆದರೆ ವೇದಿಕೆಗೆ ಬರುವವಳಲ್ಲ, ನಾನೇ ಇಳಿದು ಹೋಗಿ ಹೊದಿಸುತ್ತೇನೆ. ಬುಟ್ಟಿಯಲ್ಲಿರುವ ಹಣ್ಣು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ, ಯಜಮಾನರು ಎದ್ದ ಕೂಡಲೇ ಕೇಳುತ್ತಾರೆ. ನಾಳೆ ಅಂಗಡಿಯ ಗೋಡೆಯ ಪಟ್ಟಿ ಅಳಿಸುತ್ತೇನೆ.

ಕರೆದವರಿಗೂ, ಕುಳಿತು ಕೇಳಿದವರಿಗೂ, ಎಪ್ಪತ್ತೈದು ಸುತ್ತು ತಿರುಗಿಸಿದ ಕೈಗೂ ನನ್ನ ಧನ್ಯವಾದ. ದಾರಿ ಬಿಡಿ, ಕೆಳಗೆ ಬರುತ್ತಿದ್ದೇನೆ. ನಮಸ್ಕಾರ.