ಬಾಬಾ ಸ್ಲೇಟಿನಲ್ಲಿ ಬರೆಯದ ಮಾತು

...ಅದಿರ್ಲಿ, ಇದಕ್ಕೆ ಉತ್ತರ ಕೊಡಿ ನೋಡೋಣ ಬಾಬಾ. ನಿನ್ನೆ ಮಧ್ಯಾಹ್ನ ಸತ್ತ. ಇವತ್ತು ಬೆಳಿಗ್ಗೆ ಸೀನಿದ. ಪಿಂಡ ಇಟ್ಟೋನು ಮಗನಲ್ಲ, ತಮ್ಮನಲ್ಲ. ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಾಳೆ, ಬಳೆ ತೆಗೀಬೇಕೋ ಇಟ್ಕೋಬೇಕೋ ಅವಳಿಗೇ ಗೊತ್ತಿಲ್ಲ. ಹೇಳಿ, ಅವಳು ಮುತ್ತೈದೆಯಾ, ಅಲ್ವಾ?

ಬರಲ್ಲ ತಾನೇ? ಪಂಡಿತರಿಗೂ ಬರಲಿಲ್ಲ!

ಸ್ಲೇಟು ಯಾಕೆ ದೂರ ತಳ್ತೀರಿ? ಓ... ಮರೆತೆ. ಇಷ್ಟು ದಿನ ಬರೆದಾದ್ರೂ ಹೇಳ್ತಿದ್ರಿ, ಇವತ್ತಿನಿಂದ ಕಟ್ಟಿಗೆ ಥರ ಮೌನ. ಬರೆಯೋದೂ ಇಲ್ಲ, ಸನ್ನೇನೂ ಇಲ್ಲ. ಇಡೀ ಉತ್ತರಕಾಶಿಯಲ್ಲಿ ನಿಮಗೆ ಇವತ್ತೇ ಮುಹೂರ್ತ ಸಿಗಬೇಕಿತ್ತಾ!

ಸರಿ, ನಾನೇ ಹೇಳ್ತೀನಿ. ಹರಿಬಲ್ಲಭ ನೌಟಿಯಾಲ್. ಟಿಹರಿ ಕಡೆಯ ಮೇಷ್ಟ್ರು, ಗೊತ್ತಲ್ಲ? ತಿಂಗಳ ಹಿಂದೆ ಗುಹೆಯ ಹೊರಗೆ ನಿಂತು ಕೇಳಿದ್ರು, 'ಮನೆಗೆ ಹೋಗಲೋ, ಸನ್ಯಾಸ ತಗೊಳ್ಳಲೋ?' ನೀವು ಬರೆದ್ರಿ. ನಾನು ಸ್ಲೇಟು ಹೊರಗೆ ಒಯ್ದು ಓದಿ ಹೇಳಿದೆ.

ಓದಿದೆ ಅಂದ್ರೆ... ನಗಬೇಡಿ ಮತ್ತೆ. ನಾನು ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದೋನು. ಬಸ್ಸಿನ ಬೋರ್ಡು ಓದ್ತೀನಿ, ಬಿಸ್ಕತ್ತಿನ ಪೊಟ್ಟಣ ಓದ್ತೀನಿ. ನೀವು ಬರೆಯೋದು ಸಂಸ್ಕೃತ! ಒತ್ತಿನ ಕೆಳಗೆ ಒತ್ತು, ಒಂದರ ಬಾಲ ಇನ್ನೊಂದರ ಬಾಯಲ್ಲಿ. ಹೊರಗೆ ಜನ ಕೈಮುಗಿದು ಬಾಯಿ ತೆರೆದು ನಿಂತಿರ್ತಾರೆ. ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ?

ಹ್ಞೂಂ. ಎರಡು ವರ್ಷದಿಂದ. ಎಲ್ಲಾನೂ ನಾನೇ ಕಟ್ಟಿದ್ದು. ಒಂದು ಉಪಾಯ ಸಿಕ್ಕಿತ್ತು ಬಾಬಾ, ಎಲ್ಲಾ ಬೀಗಕ್ಕೂ ಒಂದೇ ಕೀಲಿ! ಯಾರು ಏನೇ ಕೇಳಲಿ, 'ಯಾರು' ಅಂತ ತಿರುಗಿಸಿ ಕೇಳಿಬಿಡೋದು. ಮಂಡಿ ನೋವು ಅಂದ್ರೆ, ನೋವು ಯಾರಿಗೆ? ಮಗಳಿಗೆ ಗಂಡು ಸಿಕ್ತಿಲ್ಲ ಅಂದ್ರೆ, ಹುಡುಕ್ತಿರೋನು ಯಾರು? ದೆಹಲಿಯ ಸೇಠು ಒಬ್ಬ, ವ್ಯಾಪಾರ ಮುಳುಗಿತು ಅಂದ. ಮುಳುಗಿದೋನು ಯಾರು ಅಂದೆ. ಗಳಗಳ ಅತ್ತ ಮಾರಾಯ! ನಾನು ಬಂಡೆ ಹಿಂದೆ ಹೋಗಿ ಹೊಟ್ಟೆ ಹಿಡ್ಕೊಂಡು ನಕ್ಕೆ. ಆಮೇಲೆ ಸ್ಲೇಟು ತೋಳಲ್ಲಿ ಒರೆಸಿದರೆ ಆಯ್ತು, ಸಾಕ್ಷಿ ಇಲ್ಲ.

ಮೇಷ್ಟ್ರಿಗೂ ಅದನ್ನೇ ಹೇಳಿದೆ. 'ಮನೆಗೆ ಹೋಗೋನು ಯಾರು?'

ಅವರು ಅಳಲಿಲ್ಲ. ನಗಲೂ ಇಲ್ಲ. ಹೋಗಿ ಕೂತುಬಿಟ್ರು. ಮೂರು ದಿನ ನದಿ ದಂಡೆಯಲ್ಲೇ. ನಾನೇ ಛತ್ರದಿಂದ ರೊಟ್ಟಿ ತಂದುಕೊಟ್ಟೆ, ಮುಟ್ಟಲಿಲ್ಲ. ನಾಲ್ಕನೇ ದಿನ ಎದ್ದು ನನಗೆ ಅಂದ್ರು, 'ಹುಡುಕಿದೆ, ಗಬರು, ಹೋಗೋನು ಸಿಗಲೇ ಇಲ್ಲ.' ನೇರ ಮಠಕ್ಕೆ ಹೋದ್ರು. ನಿನ್ನೆ ಮಧ್ಯಾಹ್ನ ಸನ್ಯಾಸಕ್ಕೆ ಅಂತ ತಲೆ ಬೋಳಿಸಿಕೊಂಡು ತಮ್ಮ ಶ್ರಾದ್ಧ ತಾವೇ ಮಾಡಿಕೊಂಡ್ರು. ಜುಟ್ಟು ಒಂದು ಉಳಿದಿದೆ. ಅದನ್ನೂ ನೀರಲ್ಲಿ ನಿಲ್ಲಿಸಿ ಕತ್ತರಿಸಿದರೆ ಮುಗೀತು, ಹಿಂದಕ್ಕೆ ದಾರಿ ಇಲ್ಲ.

ಕಣ್ಣು ಮುಚ್ಚಬೇಡಿ! ನೀವು ಮುಚ್ಚಿದರೆ ನಾನು ಯಾರನ್ನ ನೋಡ್ಲಿ?

ಆಯಮ್ಮ, ಮೇಷ್ಟ್ರ ಹೆಂಡತಿ ಸತ್ಯೇಶ್ವರಿ, ಇವತ್ತು ನದಿ ಮೆಟ್ಟಿಲ ಮೇಲೆ ಗಂಡನ ಉಣ್ಣೆ ಕೋಟು ಮಡಚಿ ತೊಡೆ ಮೇಲೆ ಇಟ್ಕೊಂಡಿದ್ರು. ನನ್ನ ಕೈ ಹಿಡಿದ್ರು. 'ಭುಲಾ, ತಮ್ಮಾ, ಬಾಬಾ ಬರೆದದ್ದು ಇನ್ನೊಂದ್ಸಲ ಹೇಳು. ದೇವರ ಮಾತಾದರೆ ನಾನು ಅಡ್ಡ ಬರಲ್ಲ.' ಬಳೆ ಕೈ, ಬಾಬಾ. ಹಿಡಿತ ಬಿಡಲೇ ಇಲ್ಲ.

ಆ 'ಯಾರು' ನನ್ನನ್ನೂ ಬಿಡ್ತಿಲ್ಲ, ಗೊತ್ತಾ? ನಡೆಯೋನು ಯಾರು, ಉಣ್ಣೋನು ಯಾರು, ಎಷ್ಟು ಕೆದಕಿದರೂ ಏನೂ ಸಿಗಲ್ಲ. ಸುಳ್ಳು ಹೇಳಿದೋನು ಯಾರು ಅಂದ್ರೆ ಮಾತ್ರ ಥಟ್ಟಂತ ಬಂದು ನಿಲ್ತಾನೆ. ಗಬರು! ಜಗತ್ತೆಲ್ಲ ಮಾಯೆಯಂತೆ, ಅವನೊಬ್ಬ ಮಾಯೆ ಅಲ್ಲ!

ಅದಕ್ಕೇ ಹೇಳಿಬಿಟ್ಟೆ. ಹೌದು ಬಾಬಾ, ಹೇಳಿದೆ! ಮೇಷ್ಟ್ರು ಮೆಟ್ಟಿಲು ಇಳೀತಿದ್ರು, ಅಡ್ಡ ನಿಂತು ಕೂಗಿದೆ. 'ಅದು ಬಾಬಾ ಮಾತಲ್ಲ, ನಂದು!' ಎಲ್ಲರೂ ಗಕ್ಕಂತ ನಿಂತ್ರು. ಮೇಷ್ಟ್ರು ನನ್ನ ಕಿವಿ ಹಿಂಡಿದ್ರು, ಆಮೇಲೆ ನಕ್ಕುಬಿಟ್ರು. ಆಯಮ್ಮ ಕೋಟು ತೊಡಿಸಿದ್ರು. ಇಬ್ಬರೂ ಟಿಹರಿ ಬಸ್ಸು ಹತ್ತಿದ್ರು, ನಾನೇ ಕಿಟಕಿಯಲ್ಲಿ ಚಹಾ ಕೊಟ್ಟೆ. ಎಲ್ಲ ಸುಖವಾಗಿ ಮುಗೀತು. ಇನ್ನು ನಾನು ಮಲಗ್ತೀನಿ.

...ಏನು?

ಯಾಕೆ ಹಾಗೆ ನೋಡ್ತೀರಿ? ಚಹಾ ಕೊಟ್ಟೆ ಅಂದೆನಲ್ಲ. ಶುಂಠಿ ಹಾಕಿದ ಚಹಾ.

ಬೈಯಿರಿ ಬೇಕಾದ್ರೆ. ಕೋಲು ತಗೊಳ್ಳಿ. ನೀವು ಹೀಗೆ ಸುಮ್ಮನಿದ್ರೆ ನನ್ನ ದನಿ ನನಗೇ ಕೇಳಿಸುತ್ತೆ, ಬಾಬಾ... ಕಿವಿ ಮುಚ್ಚಿದರೂ ಕೇಳಿಸುತ್ತೆ.

ಅಡ್ಡ ನಿಂತದ್ದು ನಿಜ. ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಮೇಷ್ಟ್ರೇ ಬಗ್ಗಿ ನನ್ನ ಕಾಲು ಮುಟ್ಟಿದ್ರು. ಆ ಬೋಳು ತಲೆ ನನ್ನ ಪಾದದ ಮೇಲೆ. 'ನಿನ್ನ ಬಾಯಿಂದಲೇ ನನಗೆ ದಾರಿ ಸಿಕ್ತು' ಅಂದ್ರು. ಸುತ್ತ ನೂರು ಜನ. ಆಯಮ್ಮ ನನ್ನ ತುಟಿಯನ್ನೇ ನೋಡ್ತಿದ್ರು.

ನಾನು ಕೈ ಎತ್ತಿ ಆಶೀರ್ವಾದ ಮಾಡಿಬಿಟ್ಟೆ.

ಮೇಷ್ಟ್ರು ನೀರಿಗೆ ಇಳಿದ್ರು. ನಾನು ಓಡಿ ಇಲ್ಲಿಗೆ ಬಂದೆ. ಕಿವಿ ಹಿಂಡಿದ್ದು, ನಕ್ಕಿದ್ದು, ಬಸ್ಸು, ಚಹಾ... ಕೊನೆಯದೆಲ್ಲ ನಾನೇ ಕಟ್ಟಿದ್ದು, ಬಾಬಾ.