ದಪ್ಪಮ್ಮನ ಕ್ಲಚ್

ಕುರ್ಚಿ ಸ್ವಲ್ಪ ಹತ್ತಿರ ಎಳ್ಕೊಳ್ಳಿ. ಕರೆಂಟು ಈಗಲೇ ಬರಲ್ಲ. ಮಾತು ಮಾತ್ರ ಸಣ್ಣದಾಗಿರಲಿ... ಗೋಡೆ ಆಚೆ ಜೊರಾಯ್ದಾ ಮಲಗಿದಾಳೆ. ಇದು ತೀರಿಹೋದ ಅವಳ ಗಂಡನ ವಿಷಯ.

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳು. ಸಂಜೆ ಕತ್ತಲಾಗ್ತಾ ಇತ್ತು. ನಮ್ಮ ಚಿಕ್ಕಪ್ಪನ ಮಗ ನಿವಾಲ್ದೊ ಕಲ್ಲು ಕ್ವಾರಿ ಕಡೆಯಿಂದ ಒಬ್ಬನೇ ನಡ್ಕೊಂಡು ಬರ್ತಿದ್ದ. ಕ್ವಾರಿ ಏರಿನಲ್ಲಿ ಕಾರು ಕೈಕೊಟ್ಟಿತ್ತು. ಅವತ್ತೂ ಊರಲ್ಲಿ ಕರೆಂಟಿರಲಿಲ್ಲ. ರಸ್ತೆ ತಿರುವಿನಲ್ಲಿ ಆ ಬೂರುಗದ ಮರ ಇದೆಯಲ್ಲ... ಬುಡದಲ್ಲಿ ಕೆಂಪು ದಾರ ಕಟ್ಟಿದ ಬಾಳೆಹಣ್ಣು ಇಡ್ತಾರಲ್ಲ, ಅದೇ. ಅದರ ಅಪ್ಪಣೆ ಕೇಳದೆ ನಾವ್ಯಾರೂ ನೆರಳು ದಾಟಲ್ಲ. ನಿವಾಲ್ದೊ ಅವತ್ತು ಕೇಳಲಿಲ್ಲವಂತೆ. ಮರೆತಿದ್ದಲ್ಲ. ಬೇಕು ಅನ್ನಿಸಲಿಲ್ಲವಂತೆ.

ಮರ ದಾಟಿ ಹತ್ತು ಹೆಜ್ಜೆ ಇಟ್ಟಿದಾನೆ. ಹಿಂದೆ ಒಂದು ಸದ್ದು.

ಕಿರ್ರ್...

ಆಮೇಲೆ ಸುಮ್ಮನೆ. ಆಮೇಲೆ... ಟಣ್.

ಬೇರೆ ಯಾರಿಗಾದರೂ ಅದು ಹಕ್ಕಿ, ಇಲ್ಲ ಬಾಗಿಲು. ನಿವಾಲ್ದೊಗೆ ಗೊತ್ತು ಅದೇನು ಅಂತ. ಕಾರಿನ ಕ್ಲಚ್ ಪೆಡಲ್ ಒತ್ತಿದರೆ ಕಿರ್ರ್ ಅನ್ನುತ್ತೆ, ಬಿಟ್ಟರೆ ಸ್ಪ್ರಿಂಗು ಎಳೆದು ಟಣ್ ಅನ್ನುತ್ತೆ. ಮೂವತ್ತು ವರ್ಷ ಕೇಳಿದ ಸದ್ದು. ಆದರೆ ಕಾರಿದ್ದದ್ದು ಅರ್ಧ ಗಂಟೆ ನಡಿಗೆ ಹಿಂದೆ, ಬೀಗ ಹಾಕಿ.

ಹೆದರಿಕೆ ಆಯ್ತಾ ಅಂತ ನಾನು ಕೇಳಿದೆ. ಇಲ್ಲ ಅಂದ. "ಏನೂ ಆಗ್ಲಿಲ್ಲ ಅಕ್ಕ," ಅಂದ.

ಅವನು ಆಗ ಹಾಗೇ ಇದ್ದ. ಅದಕ್ಕೆ ಒಂದು ತಿಂಗಳ ಹಿಂದೆ ಅವನ ತಮ್ಮ ಎಲಿಸೆಯೊ ಊಟಕ್ಕೆ ಕೂತಿದ್ದಾಗ ಎದೆ ಹಿಡ್ಕೊಂಡು ಹೋಗಿಬಿಟ್ಟಿದ್ದ. ಎಲಿಸೆಯೊ ಡ್ರೈವರ್, ನಿವಾಲ್ದೊ ಮೆಕ್ಯಾನಿಕ್. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕಾರು, ಐವತ್ತನಾಲ್ಕನೇ ಇಸವಿದು, ಹಸಿರು ಬಣ್ಣ. ಊರವರು ಅದಕ್ಕೆ ದಪ್ಪಮ್ಮ ಅಂತಿದ್ದರು. ಮಣ್ಣು ಮಾಡೋ ದಿನ ನಿವಾಲ್ದೊ ಅಳಲಿಲ್ಲ. ಶವಪೆಟ್ಟಿಗೆಯ ಒಂದು ಹಿಡಿಕೆ ಸಡಿಲ ಇತ್ತು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ, ಬಿಗಿ ಮಾಡಿದ, ಹೆಗಲು ಕೊಟ್ಟ. ಅಷ್ಟೇ. ಆಮೇಲೆ ಒಂದು ದಿನ ನಾನು ಅನ್ನಕ್ಕೆ ಕಪ್ಪು ಹುರುಳಿ ಬೇಯಿಸಿ ಕಳಿಸಿದ್ದೆ, ಉಪ್ಪು ಹಾಕೋದು ಮರೆತಿದ್ದೆ. ಪಾತ್ರೆ ಖಾಲಿ ಮಾಡಿ ತೊಳೆದು ಕಳಿಸಿದ. ಒಂದು ಮಾತೂ ಇಲ್ಲ.

ತಮ್ಮ ಇದ್ದಾಗ ಇಬ್ಬರ ನಡುವೆ ಇದ್ದದ್ದು ಒಂದೇ ಜಗಳ. ಎಲಿಸೆಯೊ ಕಾರು ಓಡಿಸುವಾಗ ಎಡಗಾಲನ್ನ ಕ್ಲಚ್ ಪೆಡಲ್ ಮೇಲೇ ಇಟ್ಕೊಂಡಿರ್ತಿದ್ದ. ಕಾಲು ಹಾಗೆ ಒರಗಿಸಿದರೆ ಕ್ಲಚ್ ಪೂರ್ತಿ ಹಿಡಿಯಲ್ಲ. ಜಾರಿ ಜಾರಿ ಸವೆಯುತ್ತೆ. ನಿವಾಲ್ದೊ ಮೂವತ್ತು ವರ್ಷ ಬೈದ. "ಕಾಲು ತೆಗಿಯೋ, ಅದೇನು ನಿನ್ನ ಕಾಲ್ಮಣೆನಾ?" ಅವನು ನಗ್ತಿದ್ದ, ತೆಗೀತಿದ್ದ, ಮುಂದಿನ ತಿರುವಿನಲ್ಲಿ ಮತ್ತೆ ಇಡ್ತಿದ್ದ.

ಈಗ ಓಡಿಸೋನು ನಿವಾಲ್ದೊನೇ. ಬೇರೆ ದಾರಿ ಇರಲಿಲ್ಲ. ತಮ್ಮನ ಹೆಂಡತಿ ಜೊರಾಯ್ದಾಗೆ ಕಿಡ್ನಿ ಕೆಟ್ಟಿತ್ತು. ಮಂಗಳವಾರ, ಗುರುವಾರ, ಶನಿವಾರ ಮತಾಂಸಾಸ್ ಪಟ್ಟಣದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಊರಲ್ಲಿ ಇನ್ಯಾವ ಗಾಡಿಗೂ ಪೆಟ್ರೋಲ್ ಇರಲಿಲ್ಲ. ಇವನು ಹೇಗೋ ಹೊಂದಿಸ್ತಿದ್ದ.

ಆ ಮಂಗಳವಾರ ಆಸ್ಪತ್ರೆಯಿಂದ ವಾಪಸ್ ಬರುವಾಗ ಕ್ವಾರಿ ಏರಿನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಗುಂಯ್ ಅಂತ ಏರಿತು. ಕಾರು ಮಾತ್ರ ಮುಂದೆ ಹೋಗ್ತಿಲ್ಲ. ಆಮೇಲೆ ವಾಸನೆ... ಕೂದಲು ಸುಟ್ಟ ಹಾಗೆ. ಜೊರಾಯ್ದಾಳನ್ನ ದಾರೀಲಿ ಬಂದ ಕುದುರೆ ಗಾಡಿಗೆ ಹತ್ತಿಸಿ ಕಳಿಸಿದ. ಕತ್ತಲಾಗೋವರೆಗೂ ಒದ್ದಾಡಿ ನಡ್ಕೊಂಡು ಬಂದ. ಬರುವಾಗ ಆ ಮರದ ಹತ್ತಿರ ಕೇಳಿದ್ದನ್ನ ಆಗಲೇ ಹೇಳಿದೆನಲ್ಲ.

ಬುಧವಾರ ಎತ್ತು ಕಟ್ಟಿ ಕಾರು ಎಳೆಸಿ ತಂದ. ಇದೇ ಅಂಗಳಕ್ಕೆ. ಮೊದಲು ಪೆಡಲನ್ನ ಕೈಯಿಂದ ಒತ್ತಿ ನೋಡಿದ. ಮೇಲೆ ಎರಡು ಬೆರಳಿನಷ್ಟು ಸಡಿಲ ಇರಬೇಕು, ಆಮೇಲೆ ಬಿಗಿ ಸಿಗಬೇಕು. ಸಡಿಲವೇ ಇರಲಿಲ್ಲ. ಕಾರಿನ ಕೆಳಗೆ ಪೆಡಲಿಗೆ ಜೋಡಿಸಿದ ಕಡ್ಡಿ ತಿರುಗಿಸಿ ಎರಡು ಬೆರಳು ಕೊಟ್ಟ. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಅಲ್ಲೇ ಆಫ್ ಆಗಬೇಕು. ಆಗಲಿಲ್ಲ. ಸುಮ್ಮನೆ ಓಡ್ತಾನೇ ಇತ್ತು.

ಗೇರ್‌ಬಾಕ್ಸ್ ಇಳಿಸಿದ. ಒಳಗಿನ ಕ್ಲಚ್ ಪ್ಲೇಟಿನ ಲೈನಿಂಗ್ ಸವೆದು ರಿವೆಟ್ಟು ಕಾಣ್ತಿತ್ತು. ಎಂಜಿನ್ನಿನ ಹಿಂದಿನ ಸೀಲಿನಿಂದ ಆಯಿಲ್ ಸೋರಿ ಅದರ ಮೇಲೆ ಬಿದ್ದಿತ್ತು. ಪ್ಲೇಟು ಒತ್ತಿಕೊಳ್ಳೋ ಫ್ಲೈವೀಲಿನ ಮುಖ ಕಾದು ಕಾದು ಅಲ್ಲಲ್ಲಿ ನೀಲಿಯಾಗಿತ್ತು. ನೋಡಿ, ಕಾರಣ ಇತ್ತು. ಇದನ್ನ ಯಾಕೆ ಹೇಳ್ತೀನಂದರೆ, ನಾವೇನು ಸುಮ್ಮಸುಮ್ಮನೆ ದೆವ್ವ ಅಂದವರಲ್ಲ.

ಮೂರು ದಿನ ಕೆಲಸ. ಸೀಲು ಹೊಸದು ಹಾಕಿದ. ಮುಚ್ಚಿದ ಸಕ್ಕರೆ ಕಾರ್ಖಾನೆಯ ಟ್ರ್ಯಾಕ್ಟರ್ ಬ್ರೇಕಿನಿಂದ ಲೈನಿಂಗ್ ಕತ್ತರಿಸಿ, ತಾಮ್ರದ ರಿವೆಟ್ ಹೊಡೆದು ಕೂರಿಸಿದ. ಫ್ಲೈವೀಲನ್ನ ಉಪ್ಪುಕಾಗದದಿಂದ ಉಜ್ಜಿದ. ಸ್ಪ್ರಿಂಗು ಬದಲಾಯಿಸಿದ. ಪೇರಲೆ ಮರದ ಗೂಟ ತೂರಿಸಿ ಪ್ಲೇಟನ್ನ ನಡುಮಧ್ಯಕ್ಕೆ ತಂದು ಬೋಲ್ಟು ಬಿಗಿದ. ತಮ್ಮ ಸತ್ತು ತಿಂಗಳಾದ ಮನುಷ್ಯ ಅಂತ ಯಾರೂ ಹೇಳೋ ಹಾಗಿರಲಿಲ್ಲ. ಅದನ್ನ ನೋಡೋದೇ ನನಗೆ ಕಷ್ಟ ಆಗ್ತಿತ್ತು.

ಗುರುವಾರದ ಡಯಾಲಿಸಿಸ್ ತಪ್ಪಿತು. ಶನಿವಾರ ಬೆಳಗಿನ ಜಾವ ಪರೀಕ್ಷೆ ಮಾಡಿದ. ಹ್ಯಾಂಡ್‌ಬ್ರೇಕ್, ಮೂರನೇ ಗೇರು, ಕ್ಲಚ್ ಬಿಟ್ಟ. ಎಂಜಿನ್ ಟಕ್ ಅಂತ ನಿಂತಿತು. ಸರಿಯಾಗಿದೆ ಅಂದ. ಜೊರಾಯ್ದಾಳನ್ನ ಕೂರಿಸಿಕೊಂಡು ಹೊರಟ.

ಕ್ವಾರಿ ಏರಿನ ಅರ್ಧಕ್ಕೆ... ಗುಂಯ್.

ತಿರುಗಿಸ್ಕೊಂಡು ಬಂದ, ಶನಿವಾರದ್ದೂ ತಪ್ಪಿತು. ಪೆಡಲ್ ಒತ್ತಿ ನೋಡಿದರೆ ಸಡಿಲ ಇಲ್ಲ. ಎರಡು ಬೆರಳು ಕೊಟ್ಟು ಹೋಗಿದ್ದು ಎಲ್ಲಿ ಹೋಯ್ತು? ಕಡ್ಡಿ ತಿರುಗಿರಲಿಲ್ಲ, ನಟ್ಟು ಕದಲಿರಲಿಲ್ಲ. ಮತ್ತೆ ಕೊಟ್ಟ. ಭಾನುವಾರ ಬೆಳಿಗ್ಗೆ ನೋಡಿದರೆ ಮತ್ತೆ ಇಲ್ಲ.

ಸೋಮವಾರದ ಹೊತ್ತಿಗೆ ಜೊರಾಯ್ದಾಳ ಮುಖ ಊದಿತ್ತು. ಬೆರಳಿಂದ ಕಾಲನ್ನ ಒತ್ತಿದರೆ ಗುಳಿ ಬಿದ್ದದ್ದು ಹಾಗೇ ಉಳೀತಿತ್ತು. ನಾಲ್ಕು ಮಾತಾಡೋದರಲ್ಲಿ ಉಸಿರು ಸಾಕಾಗ್ತಿರಲಿಲ್ಲ. ಮಂಗಳವಾರವೂ ತಪ್ಪಿದರೆ ಏನಾಗುತ್ತೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ಸಂಜೆ ಮತ್ತೆ ಕರೆಂಟು ಹೋಯ್ತು. ನಿವಾಲ್ದೊ ರಟ್ಟು ಹಾಸ್ಕೊಂಡು ಕಾರಿನ ಕೆಳಗೆ ಮಲಗಿದ್ದ. ಡ್ರೈವರ್ ಬಾಗಿಲು ತೆಗೆದಿತ್ತು. ಅದರ ಪಕ್ಕ ಲಾಟೀನು ಹಿಡಿದು ನಿಂತಿದ್ದವಳು ನಾನು. ಜೊರಾಯ್ದಾ ಅಡುಗೆಮನೆ ಬಾಗಿಲಲ್ಲಿ, ಇಲ್ಲಿಂದ ಆರು ಹೆಜ್ಜೆ ದೂರ, ಬಕೆಟ್ಟಿನ ನೀರಲ್ಲಿ ಕಾಲಿಟ್ಟು ಕೂತಿದ್ದಳು.

ಎಂಜಿನ್ ಬಂದ್. ಗಾಳಿ ಇಲ್ಲ. ಎಲ್ಲೋ ಒಂದು ಹನಿ... ತೊಟ್... ತೊಟ್...

ಆಗ... ಕಿರ್ರ್.

ನನ್ನ ಕಣ್ಣೆದುರಿಗೇ. ಪೆಡಲ್ ಒಂದು ಹೆಬ್ಬೆರಳಿನಷ್ಟು ಕೆಳಗೆ ಹೋಯ್ತು. ಹೋಗಿ ಅಲ್ಲೇ ನಿಂತಿತು. ಒತ್ತಿದ ಹಾಗಲ್ಲ... ಕಾಲು ಒರಗಿಸಿದ ಹಾಗೆ.

ಕೆಳಗಿನಿಂದ ನಿವಾಲ್ದೊ ಮೆಲ್ಲಗೆ ಕೇಳಿದ. "ಅಕ್ಕ, ಪೆಡಲ್ ಮುಟ್ಟಿದ್ಯಾ?"

"ಇಲ್ಲ."

ಕೆಳಗೆ ಕಡ್ಡಿ ಕದಲಿದ್ದನ್ನ ಅವನೂ ನೋಡಿದ್ದ.

ಜೊರಾಯ್ದಾ ಪಿಸುಗುಟ್ಟಿದಳು. "ಹೇಳ್ಬೇಡಿ ಭಾವ."

"ಏನನ್ನ?"

"ನಿಮಗೆ ಗೊತ್ತು. ನಂಗೆ ಆ ಮಂಗಳವಾರದಿಂದ ಗೊತ್ತು. ಪಕ್ಕದಲ್ಲೇ ಕೂತಿದ್ದೆನಲ್ಲ... ಹೇಳಿದ್ರೆ ಹೋಗಿಬಿಡ್ತಾನೆ. ಕಾಲು ಇಟ್ಕೊಂಡಿರ್ಲಿ ಬಿಡಿ."

"ನಾಳೆ ಆಸ್ಪತ್ರೆ?"

ಬಕೆಟ್ಟಿನಲ್ಲಿ ನೀರು ಒಂದು ಸಲ ಚುಳಕ್ ಅಂತು.

ನಾನು ಲಾಟೀನನ್ನ ಇನ್ನೊಂದು ಕೈಗೆ ಬದಲಾಯಿಸಿದೆ. ಆಮೇಲೆ ಕಾರಿನ ಕೆಳಗಿನಿಂದ ನಿವಾಲ್ದೊನ ದನಿ ಬಂತು. ಬೇಡಿಕೊಂಡ ದನಿ ಅಲ್ಲ, ಹೆದರಿದ್ದೂ ಅಲ್ಲ. ಮೂವತ್ತು ವರ್ಷ ಬೈದನಲ್ಲ, ಅದೇ ದನಿ.

"ಎಲಿಸೆಯೊ. ಕಾಲು ತೆಗಿ."

ಏನೂ ಆಗಲಿಲ್ಲ.

ತೊಟ್... ತೊಟ್...

ಟಣ್.

ಪೆಡಲ್ ಮೇಲೆ ಬಂದು ನಿಂತಿತು. ಜೊರಾಯ್ದಾ ಒದ್ದೆ ಕಾಲಲ್ಲೇ ಎದ್ದು ಒಳಗೆ ಹೋದಳು. ನಿವಾಲ್ದೊ ಹೊರಗೆ ಬಂದ, ಕೈ ಒರೆಸಿಕೊಂಡ, ಪೆಡಲ್ ಒತ್ತಿ ನೋಡಿದ. ಎರಡು ಬೆರಳು. ಬಾಗಿಲು ಹಾಕಿದ. ನನ್ನ ಕೈಯಿಂದ ಲಾಟೀನು ತಗೊಂಡು, ಎಣ್ಣೆ ಕಡಿಮೆ ಇದೆ ಅಂದ.

ಮಂಗಳವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಟೆವು, ನಾನೂ ಹಿಂದಿನ ಸೀಟಲ್ಲಿದ್ದೆ. ದಪ್ಪಮ್ಮ ಕ್ವಾರಿ ಏರನ್ನ ಒಂದೇ ಉಸಿರಿಗೆ ಹತ್ತಿದಳು. ಜೊರಾಯ್ದಾ ಕಿಟಕಿ ಕಡೆ ಮುಖ ಮಾಡಿದ್ದವಳು ಈ ಕಡೆ ತಿರುಗಲಿಲ್ಲ. ಅವತ್ತು ಆಸ್ಪತ್ರೆಯಲ್ಲಿ, ಇನ್ನೊಂದು ದಿನ ತಡ ಮಾಡಿದ್ದರೆ ಕಷ್ಟ ಇತ್ತು ಅಂದರು. ಆದರೂ ಅವಳು ಭಾವನ ಹತ್ತಿರ ಮಾತು ಬಿಟ್ಟಳು. ವಾರಕ್ಕೆ ಮೂರು ದಿನ ಒಂದೇ ಸೀಟಲ್ಲಿ ಪಕ್ಕ ಪಕ್ಕ ಕೂತು ಹೋಗೋದು, ಬರೋದು. ಒಂದು ಮಾತಿಲ್ಲ. ಅವನಿಗೂ ಅದರಿಂದ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಒಂದೇ ಒಂದು ಸಲ ನನ್ನ ಹತ್ತಿರ ಅಂದ, "ಕ್ಲಚ್ ಚೆನ್ನಾಗಿ ಹಿಡೀತಿದೆ ಅಕ್ಕ. ಒಂದು ಸಲನೂ ಜಾರಿಲ್ಲ." ಒಳ್ಳೇದಾಯ್ತಲ್ಲ ಅಂದೆ. ಹೂಂ ಅಂದ.

ಹೀಗೇ ಒಂದು ವರ್ಷ ಕಳೀತು. ಕಾರು ತೊಳೆಯೋಣ ಅಂತ ಒಂದು ಭಾನುವಾರ ನಾನು ಡ್ರೈವರ್ ಸೀಟಿನ ಮುಂದಿನ ರಬ್ಬರ್ ಮ್ಯಾಟ್ ಎಳೆದೆ. ಎಲಿಸೆಯೊ ಸತ್ತ ಮೇಲೆ ನಿವಾಲ್ದೊ ಕಾರ್ಖಾನೆಯ ಬೆಲ್ಟು ಕತ್ತರಿಸಿ ಹಾಕಿದ ಹೊಸ ಮ್ಯಾಟು ಅದು, ಬೆರಳು ದಪ್ಪ. ಅದರಲ್ಲಿ ಕ್ಲಚ್ ಪೆಡಲಿನ ಎಡಕ್ಕೆ, ಪೆಡಲಿಂದ ತೆಗೆದ ಕಾಲು ಇಡೋ ಮೂಲೆಯಲ್ಲಿ, ಒಂದು ಹಿಮ್ಮಡಿಯ ಗುರುತು ಸವೆದು ಗುಳಿ ಬಿದ್ದಿತ್ತು.

ನಿವಾಲ್ದೊನ ಕರೆದೆ. ಅವನು ಚಪ್ಪಲಿ ಬಿಚ್ಚಿ ತನ್ನ ಎಡಗಾಲ ಹಿಮ್ಮಡಿ ಅದರಲ್ಲಿಟ್ಟ. ಸುತ್ತ ಜಾಗ ಉಳೀತು. ಎಲಿಸೆಯೊನ ಕಾಲು ಅಣ್ಣನಿಗಿಂತ ದೊಡ್ಡದಿತ್ತು. ಜೊರಾಯ್ದಾನೂ ಬಂದು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ, "ಭಾವ, ಕಾಫಿ ಇಡ್ಲಾ?" ಅಂದಳು.

ನಾನೇನೂ ಸೇರಿಸಿ ಹೇಳ್ತಿಲ್ಲ. ಲಾಟೀನು ಹಿಡಿದವಳೂ ನಾನೇ, ಮ್ಯಾಟ್ ಎಳೆದವಳೂ ನಾನೇ. ಕಾರು ಅಗೋ, ಅಂಗಳದಲ್ಲೇ ನಿಂತಿದೆ. ನಾಳೆ ಬೆಳಕಾದ ಮೇಲೆ ಬಾಗಿಲು ತೆಗೆದು ನೋಡಿ. ಆ ಗುಳಿ ಈಗ ತಳದ ತಗಡಿನವರೆಗೂ ಹೋಗಿದೆ.